ಸುಳ್ಳು ಹೆಸರಿನಲ್ಲಿ ಉಳಿದ ಹುಡುಗ: ಆಂದ್ರಾಶ್ ಗ್ರೋಫ್‌ನ ಮೊದಲ 20 ವರ್ಷ

ಕಂಪ್ಯೂಟರ್ ಚಿಪ್ ಮಾಡುವ ಇಂಟೆಲ್ ಕಂಪನಿಯ ಆಂಡಿ ಗ್ರೋವ್ ಹೆಸರು ಬೆಂಗಳೂರಿನ ಕಂಪ್ಯೂಟರ್ ಜನಕ್ಕೆ ಹೊಸದಲ್ಲ. ಆ ಕಂಪನಿಯ ದೊಡ್ಡ ವಿನ್ಯಾಸ ಕೇಂದ್ರ ಅಲ್ಲೇ ಇದೆ. 2008ರಲ್ಲಿ ಬಂದ ಡನ್ನಿಂಗ್ಟನ್ ಎಂಬ ಆರು ಕೋರ್‌ಗಳ ಪ್ರೊಸೆಸರನ್ನು ವಿನ್ಯಾಸ ಮಾಡಿದ್ದೂ ಅಲ್ಲಿನ ಎಂಜಿನಿಯರುಗಳೇ. ಆದರೆ ನಾನು ಬರೆಯಹೊರಟಿರುವುದು ಕಂಪನಿ ನಡೆಸಿದ ಗ್ರೋವ್ ಬಗ್ಗೆ ಅಲ್ಲ. ಮುಂದೆ ಆ ಗ್ರೋವ್ ಆದ, ಹಂಗೇರಿಯ ಬುಡಾಪೆಸ್ಟ್‌ನಲ್ಲಿ ಬೆಳೆದ ಆಂದ್ರಾಶ್ ಗ್ರೋಫ್ ಎಂಬ ಯಹೂದಿ ಹುಡುಗನ ಬಗ್ಗೆ.

ಯಾಕೆ ಈ ಪ್ರಕರಣ ಅಂದರೆ, ಎರಡನೇ ಮಹಾಯುದ್ಧದ ಕಾಲದಲ್ಲಿ ಅಡಗಿ ಬದುಕಿದ ಯಹೂದಿ ಮಕ್ಕಳ ಕಥೆಗಳು ಸಾಮಾನ್ಯವಾಗಿ 1945ಕ್ಕೆ ಮುಗಿದುಬಿಡುತ್ತವೆ. ಸೇನೆ ಬಂತು, ಬಾಗಿಲು ತೆರೆಯಿತು, ಮಗು ಹೊರಗೆ ಬಂತು, ಅಲ್ಲಿಗೆ ಕಥೆ ಮುಗಿಯಿತು. ಪೂರ್ವ ಯುರೋಪಿನ ಸಾವಿರಾರು ಮಕ್ಕಳ ಪಾಲಿಗೆ ಹಾಗೆ ಮುಗಿಯಲೇ ಇಲ್ಲ. ಪ್ರಾಣಭಯ ಹೋಯಿತು, ನಿಜ. ಆದರೆ ಯಾರ ಮುಂದೆ ಏನು ಹೇಳಬೇಕು, ಏನು ಮುಚ್ಚಿಡಬೇಕು, ಮನೆಯ ಮಾತು ಎಲ್ಲಿಯವರೆಗೆ ಹೋಗಬಹುದು ಎಂಬ ಲೆಕ್ಕಾಚಾರ ಇನ್ನೂ 11 ವರ್ಷ ಮುಂದುವರಿಯಿತು. ಇದು ಗ್ರೋಫ್ ವಿಷಯದಲ್ಲಿ ಬಹಳ ಸ್ಪಷ್ಟವಾಗಿ ಕಾಣುತ್ತದೆ, ಯಾಕೆಂದರೆ 65ನೇ ವಯಸ್ಸಿನಲ್ಲಿ ಅವರೇ ತಮ್ಮ ಬಾಲ್ಯದ ನೆನಪುಗಳನ್ನು ಪುಸ್ತಕವಾಗಿ ಬರೆದರು.

ಹುಟ್ಟಿದ್ದು 1936ರ ಸೆಪ್ಟೆಂಬರ್ 2ರಂದು. ತಂದೆ ಹಾಲಿನ ವ್ಯಾಪಾರಿ. ಹೆಚ್ಚು ಓದಿದವರಲ್ಲ, 11ನೇ ವಯಸ್ಸಿಗೇ ಶಾಲೆ ಬಿಟ್ಟವರು, ಸ್ನೇಹಿತರ ಜೊತೆ ಸೇರಿ ಡೈರಿ ನಡೆಸುತ್ತಿದ್ದರು. ತಾಯಿ ಮಾರಿಯಾ ಓದಿದ ಹೆಂಗಸು. ಪಿಯಾನೋ ವಾದಕಿ ಆಗಬೇಕೆಂಬ ಆಸೆ ಇತ್ತು, ಯಹೂದಿ ಎಂಬ ಕಾರಣಕ್ಕೆ ಸಂಗೀತ ಅಕಾಡೆಮಿಯಲ್ಲಿ ಸೀಟು ಸಿಗಲಿಲ್ಲ. ಮನೆಯಲ್ಲಿ ಧರ್ಮದ ಆಚರಣೆ ಅಷ್ಟಕ್ಕಷ್ಟೇ. ನಾಲ್ಕು ವರ್ಷದವನಿದ್ದಾಗ ಮಗುವಿಗೆ ಸ್ಕಾರ್ಲೆಟ್ ಜ್ವರ ಬಂತು. ಜೀವ ಉಳಿದದ್ದೇ ಹೆಚ್ಚು. ಸೋಂಕು ಕಿವಿಗೆ ಹೋಗಿ, ಕಿವಿಯ ಹಿಂದಿನ ಮೂಳೆಯನ್ನು ಕೆತ್ತಿ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಅಲ್ಲಿಂದ ಮುಂದೆ ಎಷ್ಟೋ ವರ್ಷ ಅವನಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಈ ಕಿವಿಯ ವಿಷಯ ಮುಂದಿನದ್ದಕ್ಕೆಲ್ಲ ತಳುಕು ಹಾಕಿಕೊಂಡಿದೆ, ಹಾಗಾಗಿ ನೆನಪಿನಲ್ಲಿರಲಿ.

ಚಿಕ್ಕವನಿದ್ದಾಗಿನ ಒಂದು ಘಟನೆ ಅವರು ಮರೆಯಲಿಲ್ಲ. ಪಾರ್ಕಿನಲ್ಲಿ ಜೊತೆಗೆ ಆಡುತ್ತಿದ್ದ ಪುಟ್ಟ ಹುಡುಗಿಯೊಬ್ಬಳು, ಏಸುವನ್ನು ಕೊಂದವರು ಯಹೂದಿಗಳು, ಅದಕ್ಕೇ ಅವರನ್ನೆಲ್ಲ ಡ್ಯಾನ್ಯೂಬ್ ನದಿಗೆ ಎಸೆಯುತ್ತಾರೆ ಅಂದಳು. ಹುಡುಗ ಅಳುತ್ತಾ ಅಮ್ಮನ ಹತ್ತಿರ ಓಡಿದ. ಮಕ್ಕಳು ಇಂಥದ್ದನ್ನು ತಾವಾಗಿ ಯೋಚಿಸಿ ಹೇಳುವುದಿಲ್ಲ, ಮನೆಯಲ್ಲಿ ದೊಡ್ಡವರ ಬಾಯಲ್ಲಿ ಕೇಳಿದ್ದನ್ನೇ ಹೇಳುತ್ತಾರೆ. ಕೆಲವೇ ವರ್ಷಗಳಲ್ಲಿ ಅದೇ ನದಿಯ ದಡದಲ್ಲಿ ಯಹೂದಿಗಳನ್ನು ಸಾಲಾಗಿ ನಿಲ್ಲಿಸಿ ಗುಂಡಿಟ್ಟು ನೀರಿಗೆ ತಳ್ಳಿದರು.

1942ರಲ್ಲಿ ತಂದೆಗೆ ಕರೆ ಬಂತು. ಹಂಗೇರಿ ಜರ್ಮನಿಯ ಕಡೆ ಇತ್ತು, ಯಹೂದಿ ಗಂಡಸರ ಕೈಗೆ ಬಂದೂಕು ಕೊಡುತ್ತಿರಲಿಲ್ಲ, ಬದಲಿಗೆ ಕೂಲಿ ದಳಗಳಿಗೆ ಸೇರಿಸಿ ರಷ್ಯಾದ ರಣರಂಗಕ್ಕೆ ಕಳಿಸುತ್ತಿದ್ದರು, ಕಂದಕ ತೋಡುವುದು, ರಸ್ತೆ ತೆರವು ಮಾಡುವುದು, ಕೆಲವು ಕಡೆ ನೆಲಬಾಂಬು ತೆಗೆಯುವುದು, ಎಲ್ಲ ಆ ಚಳಿಯಲ್ಲೇ. 1943ರ ಆರಂಭದಲ್ಲಿ ಡಾನ್ ನದಿಯ ಬಳಿ ಹಂಗೇರಿಯ ಸೇನೆ ನುಚ್ಚುನೂರಾಯಿತು. ಆ ವಸಂತದಲ್ಲಿ ಮನೆಗೆ ಬಂದದ್ದು ಒಂದೇ ಸುದ್ದಿ: ಗ್ರೋಫ್ ಕಾಣೆಯಾಗಿದ್ದಾರೆ. ಸತ್ತರು ಎಂದೂ ಇಲ್ಲ, ಇದ್ದಾರೆ ಎಂದೂ ಇಲ್ಲ.

1944ರ ಮಾರ್ಚ್ 19ರಂದು ಜರ್ಮನ್ ಸೇನೆ ಹಂಗೇರಿಯನ್ನು ವಶಪಡಿಸಿಕೊಂಡಿತು. ಏಪ್ರಿಲ್ 5ರಿಂದ ಆರು ವರ್ಷ ತುಂಬಿದ ಎಲ್ಲ ಯಹೂದಿಗಳೂ ಬಟ್ಟೆಯ ಮೇಲೆ ಹಳದಿ ನಕ್ಷತ್ರ ಹೊಲಿದುಕೊಳ್ಳಬೇಕು ಎಂದು ಆಜ್ಞೆಯಾಯಿತು. ಹತ್ತು ಸೆಂಟಿಮೀಟರ್ ಉದ್ದ, ಹತ್ತು ಸೆಂಟಿಮೀಟರ್ ಅಗಲ. ಏಳು ವರ್ಷದ ಮಗುವಿನ ಎದೆ ಎಷ್ಟಿರುತ್ತದೆ ಯೋಚಿಸಿ, ಅದರ ಅರ್ಧ ಭಾಗ ಆ ತುಂಡು ಬಟ್ಟೆಯೇ ಆಗುತ್ತದೆ. ಮೇ ಮಧ್ಯದಿಂದ ಜುಲೈ ಆರಂಭದವರೆಗೆ, ಎರಡು ತಿಂಗಳೂ ತುಂಬದ ಅವಧಿಯಲ್ಲಿ, ರಾಜಧಾನಿಯ ಹೊರಗಿನ ಊರುಗಳಿಂದ ಸುಮಾರು 4,37,000 ಯಹೂದಿಗಳನ್ನು ರೈಲುಗಳಿಗೆ ತುಂಬಿ ಸಾಗಿಸಿದರು, ಬಹುತೇಕರನ್ನು ಆಶ್ವಿಟ್ಸ್ ಎಂಬ ನಾಜಿ ಹತ್ಯಾ ಶಿಬಿರಕ್ಕೆ. ನಾಜಿ ಅಧಿಕಾರಿ ಐಕ್‌ಮನ್ ಬುಡಾಪೆಸ್ಟ್‌ನಲ್ಲೇ ಕೂತು ಇದನ್ನು ನಡೆಸಿದ, ಹಂಗೇರಿಯ ಪೊಲೀಸರೂ ಅಧಿಕಾರಿಗಳೂ ಕೈಜೋಡಿಸಿದರು. ರಾಜಧಾನಿಯ ಯಹೂದಿಗಳ ಸರದಿ ಬರುವಷ್ಟರಲ್ಲಿ ದೇಶದ ಮುಖ್ಯಸ್ಥ ಹೋರ್ತಿ ರೈಲುಗಳನ್ನು ನಿಲ್ಲಿಸಿದ. ಬುಡಾಪೆಸ್ಟ್‌ನ ಮಕ್ಕಳು ಜಾಸ್ತಿ ಸಂಖ್ಯೆಯಲ್ಲಿ ಉಳಿದದ್ದಕ್ಕೆ ದೊಡ್ಡ ಕಾರಣ ಇದೇ. ಆ ಬೇಸಿಗೆಯಲ್ಲಿ ಅವರನ್ನು ನಕ್ಷತ್ರದ ಗುರುತು ಹಾಕಿದ ಕಟ್ಟಡಗಳಿಗೆ ಸೇರಿಸಿ, ದಿನಕ್ಕೆ ಕೆಲವೇ ಗಂಟೆ ಹೊರಗೆ ಬಿಡುತ್ತಿದ್ದರು.

ಅಕ್ಟೋಬರ್ 15ರಂದು ಎಲ್ಲ ತಲೆಕೆಳಗಾಯಿತು. ಹೋರ್ತಿಯನ್ನು ಕೆಳಗಿಳಿಸಿ, ನಾಜಿಗಳ ಕಡೆಯಿದ್ದ ಸಾಲಶಿಯ ಬಾಣದ ಶಿಲುಬೆ ಪಕ್ಷ ಅಧಿಕಾರಕ್ಕೆ ಬಂತು. ತೋಳಿಗೆ ಪಟ್ಟಿ ಕಟ್ಟಿದ ಹದಿಹರೆಯದ ಹುಡುಗರೂ ಬಂದೂಕು ಹಿಡಿದು ಬೀದಿಗಿಳಿದರು. ಈ ಹಂತದಲ್ಲಿ ತಾಯಿ ಗಟ್ಟಿ ತೀರ್ಮಾನ ಮಾಡಿದರು. ನಕ್ಷತ್ರ ಕಿತ್ತು ಹಾಕಿ, ಸುಳ್ಳು ಕಾಗದಪತ್ರ ಹೊಂದಿಸಿಕೊಂಡು, ಸ್ನೇಹಿತರ ಆಶ್ರಯದಲ್ಲಿ ಕ್ರೈಸ್ತರಂತೆ ಬದುಕುವುದು. ಸಿಕ್ಕ ಹೆಸರು ಮಾಲೆಷೆವಿಚ್, ಸ್ಲಾವ್ ಜನರಂತೆ ಕೇಳಿಸುವ ಹೆಸರು. ಅಡಗಿದ್ದ ಜಾಗ ಊರ ಅಂಚಿನ ಕಾರ್ಮಿಕ ಬಡಾವಣೆ ಕೊಬಾನ್ಯಾ.

ಅಡಗಿಕೊಳ್ಳುವುದು ಅಂದ ತಕ್ಷಣ ನಮ್ಮ ಕಣ್ಣಿಗೆ ಅಟ್ಟ, ನೆಲಮಾಳಿಗೆ, ಗೋಡೆಯ ಹಿಂದಿನ ಗೂಡು ಬರುತ್ತವೆ. ಇದು ಬೇರೆ ಥರದ್ದು. ಇಲ್ಲಿ ಮಗು ಎಲ್ಲರ ಕಣ್ಣೆದುರಿಗೇ ಇರುತ್ತದೆ. ಅಕ್ಕಪಕ್ಕದವರ ಜೊತೆ ಮಾತಾಡಬೇಕು, ಬಾಂಬ್ ದಾಳಿಯಾದಾಗ ಎಲ್ಲರ ಜೊತೆ ನೆಲಮಾಳಿಗೆಯಲ್ಲಿ ಕೂರಬೇಕು, ಬೇರೆ ಮಕ್ಕಳ ಜೊತೆ ಆಡಬೇಕು. ಅಡಗಿರುವುದು ಮೈಯಲ್ಲ, ಗುರುತು. ಒಂದು ತಪ್ಪು ಮಾತು ಸಾಕು, ಗುಟ್ಟು ರಟ್ಟಾಗಲು. ಹೊಸ ಹೆಸರು, ಹೊಸ ಊರು, ಯಾಕೆ ಬಂದೆವು, ಅಪ್ಪ ಎಲ್ಲಿ ಎಂಬುದೆಲ್ಲ ಬಾಯಿಪಾಠವಾಗಿರಬೇಕು, ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಅದೇ ಉತ್ತರ ಬರಬೇಕು. ಗಂಡು ಮಕ್ಕಳಿಗೆ ಇನ್ನೊಂದು ಅಪಾಯ. ಯಹೂದಿ ಗಂಡು ಮಗುವಿಗೆ ಹುಟ್ಟಿದ ಎಂಟನೇ ದಿನ ಸುನ್ನತಿ ಆಗಿರುತ್ತದೆ, ಆ ಕಾಲದ ಹಂಗೇರಿಯಲ್ಲಿ ಕ್ರೈಸ್ತರು ಅದನ್ನು ಮಾಡಿಸುತ್ತಿರಲಿಲ್ಲ. ಹಾಗಾಗಿ ಆಟದ ಮಧ್ಯೆ ಎಲ್ಲ ಹುಡುಗರೂ ಗೋಡೆ ಬದಿಗೆ ನಿಂತು ಮೂತ್ರ ಮಾಡುವಾಗ ಇವನು ಮಾತ್ರ ನಿಲ್ಲುವಂತಿಲ್ಲ. ಎಂಟು ವರ್ಷದ ಹುಡುಗ ಅಷ್ಟು ಎಚ್ಚರ ಇಟ್ಟುಕೊಂಡು ಆಡಬೇಕು. ನನಗೆ ಈ ಇಡೀ ಪ್ರಕರಣದಲ್ಲಿ ಹೊಟ್ಟೆ ಕಿವುಚಿದಂತೆ ಆಗುವುದು ಇಲ್ಲೇ.

ಜೊತೆಗೆ ಆ ಕಿವಿ. ಗಂಡಾಂತರದ ಮಾತೆಲ್ಲ ಪಿಸುಗುಟ್ಟುವ ದನಿಯಲ್ಲೇ ನಡೆಯುವ ಮನೆಯಲ್ಲಿ ಪಿಸುಮಾತು ಕೇಳದ ಮಗು. ಮುಂದೆ ಅಮೆರಿಕದಲ್ಲಿ ಓದುವಾಗ ಅವರು ಮುಂದಿನ ಬೆಂಚಿನಲ್ಲಿ ಕೂತು ಮೇಷ್ಟರ ತುಟಿ ನೋಡಿ ಪಾಠ ಅರ್ಥ ಮಾಡಿಕೊಳ್ಳುತ್ತಿದ್ದರು ಎಂಬುದು ತಿಳಿದ ಸಂಗತಿ. ಮುಖ ಓದುವ ಈ ಅಭ್ಯಾಸ ಆ ಚಳಿಗಾಲದಲ್ಲೇ ಬಲಿತಿರಬೇಕು ಅನ್ನುವುದು ನನ್ನ ಊಹೆ.

ತಾಯಿಯ ಬಗ್ಗೆ ಜನ ಕಮ್ಮಿ ಮಾತಾಡುತ್ತಾರೆ. ಗಂಡ ಇದ್ದಾನೋ ಇಲ್ಲವೋ ಗೊತ್ತಿಲ್ಲ, ಕೈಯಲ್ಲಿ ಕಿವಿ ಕೇಳದ ಮಗು, ಸಿಕ್ಕಿಬಿದ್ದರೆ ಇಬ್ಬರ ಕಥೆಯೂ ಮುಗಿದಂತೆ. ಆಕೆ ಮಗನನ್ನು ಬೇರೆಯವರ ಮಡಿಲಿಗೆ ಹಾಕಿ ಹೋಗಲಿಲ್ಲ, ಜೊತೆಯಲ್ಲೇ ಇಟ್ಟುಕೊಂಡರು. ಯುರೋಪಿನ ಬೇರೆ ಕಡೆ ಎಷ್ಟೋ ತಾಯಂದಿರು ಮಗುವನ್ನು ಕಾನ್ವೆಂಟಿಗೋ ರೈತರ ಮನೆಗೋ ಒಪ್ಪಿಸಿದರು, ಅದೂ ಸರಿಯೇ, ಹಾಗೆ ಮಾಡಿದ್ದರಿಂದಲೇ ಎಷ್ಟೋ ಮಕ್ಕಳು ಬದುಕಿದವು. ಇಲ್ಲಿ ತಾಯಿ ಮಗ ಇಬ್ಬರೂ ಒಂದೇ ಸುಳ್ಳನ್ನು ಒಟ್ಟಿಗೆ ಹೊತ್ತರು. ಮಗು ರಾತ್ರಿ ಹೆದರಿದರೆ ಪಕ್ಕದಲ್ಲಿ ನಿಜ ಗೊತ್ತಿರುವವರು ಒಬ್ಬರಿದ್ದರು. ಈ ಹುಡುಗ ಮುಂದೆ ನೆಟ್ಟಗೆ ನಿಂತದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಕಾಣುವುದಿಲ್ಲ.

1945ರ ಜನವರಿಯಲ್ಲಿ ಸೋವಿಯತ್ತಿನ ಕೆಂಪು ಸೇನೆ ನಗರದ ಪೆಸ್ಟ್ ಭಾಗಕ್ಕೆ ಬಂತು. 18ರಂದು ಯಹೂದಿಗಳನ್ನು ಕೂಡಿಹಾಕಿದ್ದ ಘೆಟ್ಟೋ ಬಿಡುಗಡೆಯಾಯಿತು, ಒಳಗೆ ಸುಮಾರು 70,000 ಜನ ಇದ್ದರು. ಮಾಲೆಷೆವಿಚ್ ಮತ್ತೆ ಗ್ರೋಫ್ ಆದ. ಆ ಸೇನೆ ಬರದಿದ್ದರೆ ಈ ಹುಡುಗ ಉಳಿಯುತ್ತಿರಲಿಲ್ಲ. ಬಿಡುಗಡೆ ಮಾಡಿದ ಅದೇ ಸೇನೆಯ ಸೈನಿಕನೊಬ್ಬ ಅವನ ತಾಯಿಯ ಮೇಲೆ ಅತ್ಯಾಚಾರ ಮಾಡಿದ. ಇದನ್ನು ಮಗನೇ ಮುಂದೆ ಬರೆದರು. ಆ ಚಳಿಗಾಲ ಬುಡಾಪೆಸ್ಟ್‌ನಲ್ಲಿ ಅಸಂಖ್ಯ ಹೆಂಗಸರಿಗೆ ಇದೇ ಗತಿಯಾಯಿತು, ಮುಂದೆ ಕಮ್ಯುನಿಸ್ಟ್ ಆಡಳಿತ ಇದ್ದಷ್ಟು ಕಾಲ ಯಾರೂ ಬಹಿರಂಗವಾಗಿ ಬಾಯಿ ಬಿಡುವಂತಿರಲಿಲ್ಲ. ಅಂದರೆ ಮೊದಲ ದಿನದಿಂದಲೇ ಈ ಮನೆಯೊಳಗೆ ಹೊರಗೆ ಹೇಳಬಾರದ ಹೊಸ ಸತ್ಯ ಬಂದು ಕೂತಿತ್ತು. ಜೀವ ಕೊಟ್ಟವರೂ ಅವರೇ, ಗಾಯ ಮಾಡಿದವರೂ ಅವರೇ. ಒಂದನ್ನು ಹೇಳಿ ಇನ್ನೊಂದನ್ನು ಬಿಡುವವರ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ.

1945ರ ಸೆಪ್ಟೆಂಬರ್‌ನಲ್ಲಿ ತಂದೆ ತಿರುಗಿ ಬಂದರು. ಎಲುಬಿನ ಹಂದರದಂತಾಗಿದ್ದರು, ಗುರುತು ಹಿಡಿಯುವುದೇ ಕಷ್ಟವಾಗಿತ್ತು. ಮೂರು ವರ್ಷ ಅಪ್ಪನಿಲ್ಲದೆ ಬೆಳೆದ ಹುಡುಗನಿಗೆ ಬಂದವರು ಒಬ್ಬ ಅಪರಿಚಿತರು. ಅಮ್ಮ ಇಷ್ಟು ದಿನ ತನ್ನವಳಾಗಿದ್ದಳು, ಈಗ ಹಂಚಿಕೊಳ್ಳಬೇಕು. ಅಡಗಿ ಬದುಕಿದ ಎಷ್ಟೋ ಮಕ್ಕಳ ನೆನಪುಗಳಲ್ಲಿ ಈ ಮುಜುಗರ ಬರುತ್ತದೆ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ನಂತರ ಒಂದೆರಡು ವರ್ಷ ಪರವಾಗಿಲ್ಲ ಅನ್ನುವಂತಿತ್ತು. ಚುನಾವಣೆ ಇತ್ತು, ಬೇರೆ ಬೇರೆ ಪಕ್ಷಗಳಿದ್ದವು. 1948-49ರ ಹೊತ್ತಿಗೆ ರಾಕೋಶಿಯ ಕಮ್ಯುನಿಸ್ಟ್ ಪಕ್ಷ ಎಲ್ಲವನ್ನೂ ಕೈಗೆ ತೆಗೆದುಕೊಂಡಿತು. 1948ರಲ್ಲಿ ನೂರಕ್ಕಿಂತ ಹೆಚ್ಚು ಕೆಲಸಗಾರರಿದ್ದ ಉದ್ಯಮಗಳು ಸರ್ಕಾರದ ಪಾಲಾದವು, 1949ರ ಕೊನೆಗೆ ಹತ್ತಕ್ಕಿಂತ ಹೆಚ್ಚು ಜನ ಇದ್ದವೂ ಹೋದವು. ತಂದೆಯ ಡೈರಿಯೂ ಉಳಿಯಲಿಲ್ಲ. ಅವರು ಸರ್ಕಾರಿ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿ ಒಳ್ಳೆಯ ಹುದ್ದೆಗೇ ಏರಿದರು.

ಬುಡಾಪೆಸ್ಟ್‌ನಲ್ಲಿ ಆಂದ್ರಾಶಿ ರಸ್ತೆಯ 60ನೇ ನಂಬರಿನ ಕಟ್ಟಡವೊಂದಿದೆ. 1944ರಲ್ಲಿ ಅದು ಬಾಣದ ಶಿಲುಬೆ ಪಕ್ಷದ ಮುಖ್ಯ ಕಚೇರಿ. 1945ರಿಂದ ಕಮ್ಯುನಿಸ್ಟರ ಗುಪ್ತ ಪೊಲೀಸರು ಅದೇ ಕಟ್ಟಡಕ್ಕೆ ಬಂದು ಕೂತರು. ನೆಲಮಾಳಿಗೆಯನ್ನು ಸೆರೆಕೋಣೆಗಳಾಗಿ ಮಾಡಿಕೊಂಡರು. ಈಗ ಅದು ಮ್ಯೂಸಿಯಂ. ಎರಡು ಆಡಳಿತಗಳೂ ಒಂದೇ ಎಂದು ಇದರಿಂದ ತೀರ್ಮಾನ ಮಾಡಿಬಿಡುವವರಿದ್ದಾರೆ, ನನಗೆ ಅದು ಸರಿ ಕಾಣುವುದಿಲ್ಲ. ಒಂದು ಈ ಮಗುವನ್ನು ಹುಡುಕಿ ಕೊಲ್ಲಲು ಹೊರಟಿತ್ತು, ಇನ್ನೊಂದು ಹಾಗೆ ಹೊರಟಿರಲಿಲ್ಲ. ಆದರೆ ಆ ರಸ್ತೆಯಲ್ಲಿ ನಡೆದು ಹೋಗುವ ಯಹೂದಿ ಕುಟುಂಬಕ್ಕೆ ಎರಡೂ ಕಾಲದಲ್ಲಿ ಆ ಬಾಗಿಲು ನೋಡಿ ಎದೆ ನಡುಗಿರುತ್ತದೆ, ಅಲ್ವಾ?

ಯಹೂದಿಗಳ ಸ್ಥಿತಿ ಈ ಕಾಲದಲ್ಲಿ ವಿಚಿತ್ರವಾಗಿತ್ತು. ಉಳಿದವರಲ್ಲಿ ಹಲವರು ಕಮ್ಯುನಿಸ್ಟ್ ಪಕ್ಷವನ್ನು ನಂಬಿ ಸೇರಿದರು, ಇನ್ನು ಮೇಲೆ ಜನಾಂಗದ ಮಾತೇ ಇರುವುದಿಲ್ಲ ಎಂಬ ಭರವಸೆಯಿಂದ. ರಾಕೋಶಿಯೇ ಯಹೂದಿ ಮನೆತನದವನು, ಅದನ್ನು ಅವನು ಎಂದೂ ಹೇಳಿಕೊಳ್ಳುತ್ತಿರಲಿಲ್ಲ. ಅದೇ ಹೊತ್ತಿಗೆ ಅಂಗಡಿ, ಕಾರ್ಖಾನೆ ಕಳೆದುಕೊಂಡವರಲ್ಲೂ ಯಹೂದಿಗಳು ಬಹಳ. 1951ರ ಬೇಸಿಗೆಯಲ್ಲಿ "ವರ್ಗ ಶತ್ರುಗಳು" ಎಂದು ಬುಡಾಪೆಸ್ಟ್‌ನಿಂದ ಸಾವಿರಾರು ಕುಟುಂಬಗಳನ್ನು ಹಳ್ಳಿಗಳಿಗೆ ಅಟ್ಟಿದಾಗ, ಕೆಲವೇ ವರ್ಷಗಳ ಹಿಂದೆ ಶಿಬಿರಗಳಿಂದ ಬದುಕಿ ಬಂದ ಯಹೂದಿಗಳೂ ಆ ಪಟ್ಟಿಯಲ್ಲಿದ್ದರು. ಹತ್ಯಾಕಾಂಡದ ಬಗ್ಗೆ ಮಾತು ಮಾತ್ರ ಮಾಯ. ಸತ್ತವರೆಲ್ಲ "ಫ್ಯಾಸಿಸಂಗೆ ಬಲಿಯಾದವರು" ಅಷ್ಟೇ. ಮನೆಯಲ್ಲೂ ಹೇಳುತ್ತಿರಲಿಲ್ಲ. 1980ರ ದಶಕದಲ್ಲಿ ಹಂಗೇರಿಯ ಸಂಶೋಧಕರು ಯುದ್ಧದ ನಂತರ ಹುಟ್ಟಿದವರನ್ನು ಮಾತಾಡಿಸಿದಾಗ, ತಾವು ಯಹೂದಿಗಳೆಂದು ಗೊತ್ತಾದದ್ದೇ ದೊಡ್ಡವರಾದ ಮೇಲೆ ಎಂದವರು ಹಲವರಿದ್ದರು. ಅಪ್ಪ ಅಮ್ಮ ಮಕ್ಕಳನ್ನು ಕಾಪಾಡಲೆಂದೇ ಬಾಯಿ ಮುಚ್ಚಿಕೊಂಡದ್ದು. ಗ್ರೋಫ್‌ಗೆ ತಾನು ಯಾರು ಎಂಬುದು ಗೊತ್ತಿತ್ತು. ಅವನಿಗಿಂತ ಹತ್ತು ವರ್ಷ ಚಿಕ್ಕವರಿಗೆ ಅದೂ ಇರಲಿಲ್ಲ.

ಈಗ ಈ ಪ್ರಕರಣದ ತಿರುವಿಗೆ ಬರುತ್ತೇನೆ. ಹುಡುಗನಿಗೆ ಬರೆಯುವ ಹುಚ್ಚಿತ್ತು. ಹದಿನಾಲ್ಕರ ಆಸುಪಾಸಿನಲ್ಲೇ ಯುವಜನರ ಪತ್ರಿಕೆಯೊಂದಕ್ಕೆ ವರದಿ ಬರೆಯುತ್ತಿದ್ದ, ಅಚ್ಚಾಗುತ್ತಿತ್ತು, ಅವನಿಗೆ ಪತ್ರಕರ್ತನಾಗುವ ಕನಸು. ಅಷ್ಟರಲ್ಲಿ ಪತ್ರಕರ್ತನಾಗಿದ್ದ ಹತ್ತಿರದ ನೆಂಟರೊಬ್ಬರನ್ನು ಪೊಲೀಸರು ಎತ್ತಿಕೊಂಡು ಹೋದರು. ಯಾವ ಆರೋಪ, ಯಾವ ಕೋರ್ಟು, ಏನೂ ಇಲ್ಲ. ಅದರ ಬಿಸಿ ಈ ಮನೆಗೂ ತಟ್ಟಿತು. ತಂದೆಯ ಹುದ್ದೆ ಹೋಯಿತು, ಸಂಬಳ ಪಾತಾಳಕ್ಕಿಳಿಯಿತು. ಹುಡುಗನ ಬರಹಗಳೂ ಪತ್ರಿಕೆಯಲ್ಲಿ ಬರುವುದು ನಿಂತವು. ಬರೆದದ್ದು ಕೆಟ್ಟದಾಗಿದೆ ಎಂದು ಯಾರೂ ಹೇಳಲಿಲ್ಲ. ಸುಮ್ನೆ ನಿಂತುಹೋಯಿತು.

ಅವನು ಅಲ್ಲಿಂದ ರಸಾಯನಶಾಸ್ತ್ರಕ್ಕೆ ಓಡಿದ. ಓಡಿದ ಎಂಬ ಮಾತು ನನ್ನದಲ್ಲ, ಬರವಣಿಗೆಯಿಂದ ವಿಜ್ಞಾನಕ್ಕೆ ಓಡಿಹೋದೆ ಎಂದು ಅವರೇ ಬರೆದಿದ್ದಾರೆ. ಕಾರಣವನ್ನೂ ಕೊಟ್ಟಿದ್ದಾರೆ: ಕೆಲಸ ಚೆನ್ನಾಗಿದೆಯೋ ಇಲ್ಲವೋ ಎಂಬುದು ಯಾರದೋ ಅಭಿಪ್ರಾಯದ ಮೇಲೆ, ಆ ಅಭಿಪ್ರಾಯ ರಾಜಕೀಯದ ಮೇಲೆ ನಿಂತಿರುವ ವೃತ್ತಿ ತನಗೆ ಬೇಡವಾಯಿತು. ಪ್ರಯೋಗಶಾಲೆಯಲ್ಲಿ ಬಂದ ಉತ್ತರಕ್ಕೆ ನಿಮ್ಮ ನೆಂಟರು ಯಾರು ಎಂಬುದು ಬೇಕಾಗಿಲ್ಲ. ಶಾಲೆಯಲ್ಲಿ ಅವನು ತರಗತಿಯ ಮುಂದೆ ನೈಟ್ರೋಗ್ಲಿಸರಿನ್ ಎಂಬ ಸ್ಫೋಟಕ ತಯಾರಿಸಿ ತೋರಿಸಿದ್ದ, ಅಷ್ಟು ಆಸಕ್ತಿ. ಭೌತಶಾಸ್ತ್ರದ ಮೇಷ್ಟರೊಬ್ಬರು ತಂದೆ ತಾಯಂದಿರ ಸಭೆಯಲ್ಲಿ, ಬದುಕು ಒಂದು ದೊಡ್ಡ ಕೆರೆ, ಈಜಿ ದಾಟುವವರು ಎಲ್ಲರೂ ಅಲ್ಲ, ಈ ಗ್ರೋಫ್ ಮಾತ್ರ ದಾಟುತ್ತಾನೆ ಎಂದು ಹೇಳಿದ್ದರು.

ವಿಜ್ಞಾನಕ್ಕೆ ರಾಜಕೀಯ ಬೇಕಿಲ್ಲದಿರಬಹುದು, ಕಾಲೇಜಿನ ಸೀಟಿಗೆ ಬೇಕಿತ್ತು. ಆಗಿನ ಶಾಲಾ ದಾಖಲೆಯಲ್ಲಿ ಪ್ರತಿ ಮಗುವಿನ ಹೆಸರಿನ ಎದುರು ಒಂದು ಅಕ್ಷರ ಇರುತ್ತಿತ್ತು: ಕಾರ್ಮಿಕನ ಮಗ, ರೈತನ ಮಗ, ಓದಿದವರ ಮಗ, ಇತರೆ, ಮತ್ತು ಎಕ್ಸ್. ಎಕ್ಸ್ ಅಂದರೆ ವರ್ಗಕ್ಕೆ ಹೊರಗಿನವನು. ಹಿಂದೆ ಅಂಗಡಿ, ಉದ್ಯಮ ಇಟ್ಟುಕೊಂಡಿದ್ದ ಮನೆಯ ಮಕ್ಕಳಿಗೆ ಈ ಗುರುತು ಬೀಳುತ್ತಿತ್ತು. ಬಿದ್ದರೆ ಯೂನಿವರ್ಸಿಟಿ ಬಾಗಿಲು ಮುಚ್ಚಿದಂತೆಯೇ. ಏಳನೇ ವಯಸ್ಸಿನಲ್ಲಿ ಅಂಗಿಯ ಮೇಲೆ ಹಾಕಿದ ಗುರುತನ್ನು ಕಿತ್ತು ಬಚ್ಚಿಡಬಹುದಿತ್ತು. ಇದು ಕಚೇರಿಯ ಕಪಾಟಿನಲ್ಲಿರುವ ಫೈಲಿನಲ್ಲಿ, ಕೈಗೆ ಸಿಗದ ಜಾಗದಲ್ಲಿ. 1953ರಲ್ಲಿ ಸ್ಟಾಲಿನ್ ಸತ್ತ ಮೇಲೆ ಬಿಗಿ ಸ್ವಲ್ಪ ಸಡಿಲವಾಯಿತು. ಅವನಿಗೆ ಬುಡಾಪೆಸ್ಟ್ ಯೂನಿವರ್ಸಿಟಿಯಲ್ಲಿ ರಸಾಯನಶಾಸ್ತ್ರಕ್ಕೆ ಸೀಟೂ ಸಿಕ್ಕಿತು.

1956ರ ಅಕ್ಟೋಬರ್ 23ರಂದು ವಿದ್ಯಾರ್ಥಿಗಳ ಮೆರವಣಿಗೆಯಲ್ಲಿ ಅವನೂ ನಡೆದ. ಅದು ಕಮ್ಯುನಿಸ್ಟ್ ಆಡಳಿತದ ವಿರುದ್ಧ ದಂಗೆಯಾಯಿತು. ನವೆಂಬರ್ 4ರಂದು ಸೋವಿಯತ್ ಟ್ಯಾಂಕುಗಳು ನಗರಕ್ಕೆ ನುಗ್ಗಿದವು. ಯುವಕರನ್ನು ಹಿಡಿದುಕೊಂಡು ಹೋಗುತ್ತಿದ್ದಾರೆ ಎಂಬ ಸುದ್ದಿ ಹಬ್ಬಿತು. ಇಲ್ಲಿ ತೀರ್ಮಾನ ಹೇಳಿದವರು ಆಶ್ವಿಟ್ಸ್‌ನಿಂದ ಬದುಕಿ ಬಂದಿದ್ದ ಸಂಬಂಧಿಕ ಹೆಂಗಸೊಬ್ಬರು. ನೀನು ಹೋಗಲೇಬೇಕು, ಈಗಲೇ ಹೋಗಬೇಕು ಎಂದು ಒತ್ತಾಯ ಮಾಡಿದರು. ಕಾದು ನೋಡೋಣ ಅಂದವರಿಗೆ 1944ರಲ್ಲಿ ಏನಾಯಿತು ಎಂಬುದು ಆಕೆಗೆ ಮೈಮೇಲೆ ಬಂದು ಗೊತ್ತಿತ್ತು.

ಒಬ್ಬನೇ ಮಗ. ಮನೆ ಬಿಟ್ಟು ಹೊರಟ. ರೈಲಿನಲ್ಲಿ ಗಡಿಯ ಕಡೆಗೆ, ಆಮೇಲೆ ಕತ್ತಲಲ್ಲಿ ಕಾಲ್ನಡಿಗೆ. ದುಡ್ಡು ತೆಗೆದುಕೊಂಡು ದಾರಿ ತೋರಿಸುವ ಹಳ್ಳಿಗನೊಬ್ಬ ಹೊಲದವರೆಗೆ ಕರೆದುಕೊಂಡು ಬಂದು, ದೂರದಲ್ಲಿ ಕಾಣುವ ದೀಪಗಳು ಆಸ್ಟ್ರಿಯಾದವು, ಅವನ್ನೇ ನೋಡುತ್ತಾ ನಡೆಯಿರಿ ಎಂದು ಹೇಳಿ ಹಿಂದೆ ಉಳಿದ. ಮುಂದೆ ಕತ್ತಲಲ್ಲಿ ಹಂಗೇರಿಯನ್ ಭಾಷೆಯಲ್ಲೇ ಯಾರೋ "ಯಾರದು?" ಎಂದಾಗ ಜೀವ ಬಾಯಿಗೆ ಬಂತು. ಆಸ್ಟ್ರಿಯಾ ಸೇರಿಯಾಗಿತ್ತು. ಆ ತಿಂಗಳುಗಳಲ್ಲಿ ಸುಮಾರು 2 ಲಕ್ಷ ಜನ ಹೀಗೆ ದೇಶ ಬಿಟ್ಟರು, ಅದರಲ್ಲಿ ಯಹೂದಿಗಳು ಅಂದಾಜು 20,000.

ವಿಯೆನ್ನಾದಲ್ಲಿ ನಿರಾಶ್ರಿತರಿಗೆ ನೆರವಾಗುವ ಅಂತಾರಾಷ್ಟ್ರೀಯ ರಕ್ಷಣಾ ಸಮಿತಿಯವರು ಅಮೆರಿಕಕ್ಕೆ ಕಳಿಸಬೇಕಾದವರನ್ನು ಆರಿಸುತ್ತಿದ್ದರು. ನೀನು ಬಂದೂಕು ಹಿಡಿದು ಹೋರಾಡಿದ್ದೀಯಾ ಎಂದು ಕೇಳಿದಾಗ ಇವನು ಇಲ್ಲ ಎಂದ. ಬೇರೆಯವರೆಲ್ಲ ಹೌದು ಅನ್ನುತ್ತಿದ್ದರು. ಮೊದಲು ಬೇಡ ಅಂದರು, ಅವನು ಮತ್ತೆ ಹೋಗಿ ಬೇಡಿಕೊಂಡ ಮೇಲೆ ಒಪ್ಪಿದರು. ಎಂಟನೇ ವಯಸ್ಸಿನಲ್ಲಿ ಜೀವ ಉಳಿಸಿಕೊಳ್ಳಲು ಅಚ್ಚುಕಟ್ಟಾಗಿ ಸುಳ್ಳು ಹೇಳಿದ್ದವನು, 20ನೇ ವಯಸ್ಸಿನಲ್ಲಿ ಸುಳ್ಳಿನಿಂದ ಲಾಭವಿದ್ದಾಗಲೂ ನಿಜ ಹೇಳಿದ. ಇಂಥ ಮಕ್ಕಳು ಸುಳ್ಳಿಗೆ ಒಗ್ಗಿಹೋಗುತ್ತಾರೆ ಎಂದು ಸುಲಭವಾಗಿ ಬರೆಯುವವರು ಇದನ್ನು ಗಮನಿಸಬೇಕು.

ಹಳೆಯ ಸೈನಿಕ ಹಡಗಿನಲ್ಲಿ 1957ರ ಜನವರಿ 7ರಂದು ನ್ಯೂಯಾರ್ಕ್ ತಲುಪಿದ. ಅದೇ ಸಮಿತಿ ಕಿವಿಗೆ ಯಂತ್ರ ಕೊಡಿಸಿತು. ಮುಂದಿನದು ಎಲ್ಲರಿಗೂ ಗೊತ್ತಿರುವ ದಾರಿ. ನ್ಯೂಯಾರ್ಕ್ ಸಿಟಿ ಕಾಲೇಜಿನಲ್ಲಿ 1960ಕ್ಕೆ ಕೆಮಿಕಲ್ ಎಂಜಿನಿಯರಿಂಗ್, ಬರ್ಕ್ಲಿಯಲ್ಲಿ 1963ಕ್ಕೆ ಪಿಎಚ್‌ಡಿ, 1968ರಲ್ಲಿ ಇಂಟೆಲ್, 1987ರಿಂದ 1998ರವರೆಗೆ ಅದರ ಮುಖ್ಯಸ್ಥ. ಕಿವಿಗೆ ಹಲವು ಶಸ್ತ್ರಚಿಕಿತ್ಸೆಗಳಾಗಿ ಕೊನೆಗೆ ಕೇಳುವಂತಾಯಿತು.

ವ್ಯಾಪಾರದ ಬಗ್ಗೆ ಬರೆಯುವವರು ಇಲ್ಲಿ ಒಂದು ಸಲೀಸಾದ ಸೂತ್ರ ಹಾಕುತ್ತಾರೆ. ಸದಾ ಅಪಾಯದ ನಿರೀಕ್ಷೆಯಲ್ಲಿರುವವನೇ ಉಳಿಯುತ್ತಾನೆ ಎಂಬ ಅರ್ಥದ ಅವರ ಮಾತು ಪ್ರಸಿದ್ಧ, ಅದನ್ನು ನೇರವಾಗಿ ಬುಡಾಪೆಸ್ಟ್‌ಗೆ ಕೊಂಡಿ ಹಾಕಿಬಿಡುತ್ತಾರೆ. ನನಗೆ ಇದರಲ್ಲಿ ಅಸಮಾಧಾನವಿದೆ. ಆ ಚಳಿಗಾಲ ಅಡಗಿದ್ದ ಬೇರೆ ಮಕ್ಕಳೂ ಅಷ್ಟೇ ಎಚ್ಚರ ಕಲಿತಿದ್ದರು. ಹಲವರು ಅಲ್ಲೇ ಉಳಿದರು, ಗುಮಾಸ್ತರೋ ಟೀಚರೋ ಆಗಿ, ಫೈಲಿಗೆ ಹೆದರುತ್ತಾ ಇನ್ನೂ 33 ವರ್ಷ ಕಳೆದರು. ಕಷ್ಟವನ್ನು ಯಶಸ್ಸಿನ ಮೆಟ್ಟಿಲು ಮಾಡಿ ತೋರಿಸಿದರೆ ಅವರಿಗೆ ಅನ್ಯಾಯ ಮಾಡಿದಂತೆ. ಈ ಪ್ರಕರಣದಿಂದ ನನಗೆ ಗಟ್ಟಿಯಾಗಿ ಹೇಳಬಹುದು ಅನ್ನಿಸುವುದು ಇಷ್ಟೇ: ಇಂಥ ಮಗುವನ್ನು ಅರ್ಥ ಮಾಡಿಕೊಳ್ಳಬೇಕಾದರೆ 1944ನ್ನು ಮಾತ್ರ ಕೇಳಿದರೆ ಸಾಲದು, 1951ರಲ್ಲಿ ಏನಾಯಿತು ಎಂದೂ ಕೇಳಬೇಕು. ಆ ಹುಡುಗನ ಬದುಕಿನ ದಿಕ್ಕು ಬದಲಾದದ್ದು ಅಡಗಿದ್ದ ಕೋಣೆಯಲ್ಲಿ ಅಲ್ಲ, ಬರಹ ಅಚ್ಚಾಗದೆ ಉಳಿದಾಗ.

ಅಮೆರಿಕದಲ್ಲಿ ಅವರು ಆಂಡ್ರ್ಯೂ ಗ್ರೋವ್ ಎಂದು ಹೆಸರು ಬದಲಿಸಿಕೊಂಡರು. ಮುಂದೆ ತಂದೆ ತಾಯಿಯನ್ನೂ ಕರೆಸಿಕೊಂಡರು. ಯುದ್ಧಕಾಲದ ಬಾಲ್ಯದ ಬಗ್ಗೆ ದಶಕಗಳ ಕಾಲ ಸಾರ್ವಜನಿಕವಾಗಿ ಜಾಸ್ತಿ ಮಾತಾಡಲಿಲ್ಲ, 1997ರಲ್ಲಿ ಟೈಮ್ ಪತ್ರಿಕೆ ಅವರನ್ನು ವರ್ಷದ ವ್ಯಕ್ತಿ ಎಂದು ಆರಿಸಿದಾಗ ಆ ಕಥೆ ದೊಡ್ಡದಾಗಿ ಹೊರಬಂತು, ನಂತರ 2001ರಲ್ಲಿ ನೆನಪಿನ ಪುಸ್ತಕ. ಬಿಟ್ಟುಬಂದ ಬರವಣಿಗೆಗೆ ಹಾಗೆ ಮರಳಿದರು, ಇಂಗ್ಲಿಷಿನಲ್ಲಿ. ಹಂಗೇರಿಯಲ್ಲಿ 1989ರಲ್ಲಿ ಕಮ್ಯುನಿಸ್ಟ್ ಆಡಳಿತ ಕುಸಿದ ಮೇಲೂ ಅವರು ಒಮ್ಮೆಯೂ ಆ ದೇಶಕ್ಕೆ ಹೋಗಲಿಲ್ಲ. 2016ರ ಮಾರ್ಚ್ 21ರಂದು ತೀರಿಕೊಂಡರು.